ನಾಲ್ಕಿಂಚಿನ ಡಕ್ಟ್ ಫ್ಯಾನು: ಧಾರವಾಡದ ಸಸಿ ಕೋಣೆಯಲ್ಲಿ ಮೂರು ಮಳೆಗಾಲ

ಮಾಳಮಡ್ಡಿಯ ನಮ್ಮ ಹಳೆಯ ಮನೆಯಲ್ಲಿ ಮೊದಲು ಜೋಳದ ಚೀಲ ಇಡುತ್ತಿದ್ದ ಕೋಣೆಯೊಂದಿದೆ. ಎಂಟು ಅಡಿ ಉದ್ದ, ಆರು ಅಡಿ ಅಗಲ, ಒಂಬತ್ತು ಅಡಿ ಎತ್ತರದ ಆ ಕೋಣೆಗೆ ಪಶ್ಚಿಮ ದಿಕ್ಕಿಗೆ ಒಂದೇ ಒಂದು ಸಣ್ಣ ಕಿಟಕಿ. ಅಲ್ಲಿ ಮೂರು ಅಂತಸ್ತಿನ ಕಬ್ಬಿಣದ ರ್‍ಯಾಕ್ ನಿಲ್ಲಿಸಿ, ಒಟ್ಟು 120 ವ್ಯಾಟಿನ ಎಲ್‌ಇಡಿ ಪಟ್ಟಿಗಳನ್ನು ಕಟ್ಟಿ, ಮೂಲಂಗಿ, ಸಾಸಿವೆ, ಮೆಂತ್ಯದ ಮೈಕ್ರೊಗ್ರೀನ್ಸ್ (ಎಳೆಯದಿರುವಾಗಲೇ ಕತ್ತರಿಸಿ ತಿನ್ನುವ ಸೊಪ್ಪು) ಹಾಗೂ ಮಾಳಿಗೆಯ ಕುಂಡಗಳಿಗೆ ಬೇಕಾಗುವ ಬದನೆ, ಮೆಣಸಿನ ಸಸಿಗಳನ್ನು ಬೆಳೆಸುತ್ತೇನೆ. ಆ ಕೋಣೆಯ ಗಾಳಿಯನ್ನು ಹೊರಹಾಕಲೆಂದು 2023ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ನಾಲ್ಕಿಂಚಿನ ಇನ್‌ಲೈನ್ ಡಕ್ಟ್ ಫ್ಯಾನೊಂದನ್ನು, ಅಂದರೆ ಗಾಳಿ ಸಾಗಿಸುವ ಕೊಳವೆಗೆ (ಡಕ್ಟಿಗೆ) ಜೋಡಿಸುವ ಫ್ಯಾನನ್ನು, ತಂದೆ. ಬೆಲೆ ಎರಡೂವರೆ ಸಾವಿರದೊಳಗೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅದೇ ಅಚ್ಚಿನ ಫ್ಯಾನು ಅದೇ ಅಂಗಡಿಯಲ್ಲಿ ಮೂರು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಕೂತಿತ್ತು.

ಡಬ್ಬಿಯ ಮೇಲೆ ಗಂಟೆಗೆ 180 ಘನ ಮೀಟರ್ ಗಾಳಿ, 28 ವ್ಯಾಟ್ ಎಂದು ಅಚ್ಚಾಗಿದೆ. ಕೋಣೆಯ ಗಾತ್ರ ಸುಮಾರು 12 ಘನ ಮೀಟರ್ ಆಗಿರುವುದರಿಂದ, ಕಾಗದದ ಮೇಲಿನ ಲೆಕ್ಕದಂತೆ ಗಂಟೆಗೆ ಹದಿನೈದು ಸಲ ಒಳಗಿನ ಗಾಳಿ ಬದಲಾಗಬೇಕಿತ್ತು. ಹಾಗಾಗಲಿಲ್ಲ, ಮತ್ತು ಅದರಲ್ಲಿ ದೊಡ್ಡ ಪಾಲು ನನ್ನದೇ ತಪ್ಪು. ಹುಳ ಬರಬಾರದೆಂದು ಬಾಗಿಲಿನ ಸಂದಿಗಳಿಗೆಲ್ಲ ಸ್ಪಂಜಿನ ಪಟ್ಟಿ ಅಂಟಿಸಿದ್ದೆ. ಫ್ಯಾನು ಎಷ್ಟು ಗಾಳಿಯನ್ನು ಹೊರಗೆ ದೂಡುತ್ತದೆಯೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು. ಬರುವ ದಾರಿಯನ್ನು ಮುಚ್ಚಿದರೆ ಅದು ಸುಮ್ಮನೆ ತಿರುಗುತ್ತ ಸದ್ದು ಮಾಡುತ್ತದೆ, ಅಷ್ಟೇ. ಬಾಗಿಲನ್ನು ಜಗ್ಗಿ ತೆರೆಯಬೇಕಾಗುತ್ತಿತ್ತು. ಬಚ್ಚಲ ಗೋಡೆಯಲ್ಲಿ ಪೈಪು ಹಾಯಿಸಿದ ತೂತಿನಿಂದ ಮೋರಿಯ ವಾಸನೆ ಕೋಣೆಗೆ ಬರತೊಡಗಿದಾಗಲೇ ನನಗೆ ವಿಷಯ ಹೊಳೆದದ್ದು. ಆ ತೂತಿನ ಬಳಿ ಊದಿನಕಡ್ಡಿ ಹಿಡಿದರೆ ಹೊಗೆ ನೂಲಿನಂತೆ ನೆಟ್ಟಗೆ ಒಳಕ್ಕೆ ಎಳೆದುಕೊಂಡು ಹೋಗುತ್ತಿತ್ತು.

ನಾಲ್ಕಿಂಚಿನ ಬಾಯಿಯ ವಿಸ್ತೀರ್ಣ ಸುಮಾರು ಹನ್ನೆರಡೂವರೆ ಚದರ ಇಂಚು. ಬಡಿಗರನ್ನು ಕರೆಸಿ ಬಾಗಿಲಿನ ಕೆಳಭಾಗದಲ್ಲಿ ಹದಿನೈದು ಇಂಚು ಉದ್ದ, ಎರಡು ಇಂಚು ಎತ್ತರದ ಕಿಂಡಿ ಕೊರೆಸಿ, ಒಳಗಿನಿಂದ ಸೊಳ್ಳೆಪರದೆಯ ಜಾಳಿಗೆ ಬಡಿಸಿದೆ. ಜಾಳಿಗೆಯ ಎಳೆಗಳೇ ಜಾಗ ತಿನ್ನುವುದರಿಂದ ಕಿಂಡಿಯನ್ನು ಫ್ಯಾನಿನ ಬಾಯಿಗಿಂತ ಎರಡು ಪಟ್ಟಿಗೂ ಹೆಚ್ಚು ಇಡಬೇಕಾಯಿತು. ಬಚ್ಚಲ ಗೋಡೆಯ ತೂತಿಗೆ ಸಿಮೆಂಟು ಮೆತ್ತಿಸಿದೆ.

ಫ್ಯಾನು ನಿಜವಾಗಿ ಎಷ್ಟು ಗಾಳಿ ಸಾಗಿಸುತ್ತದೆ ಎಂಬುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ದೀಪಗಳು ಎಳೆದುಕೊಳ್ಳುವ ವಿದ್ಯುತ್ತು ಕೊನೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗುತ್ತದೆ, ಮತ್ತು ಗಂಟೆಗೆ ಮೂರು ಘನ ಮೀಟರ್ ಗಾಳಿ ಒಂದು ಡಿಗ್ರಿ ಹೆಚ್ಚು ಬೆಚ್ಚಗಾಗಿ ಹೊರಬಿದ್ದರೆ ಸುಮಾರು ಒಂದು ವ್ಯಾಟ್ ಶಾಖವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ವ್ಯಾಟನ್ನು ಮೂರರಿಂದ ಗುಣಿಸಿ, ಕಿಂಡಿಯ ಬಳಿಯ ಮತ್ತು ಫ್ಯಾನಿನ ಬಾಯಿಯ ಬಳಿಯ ಉಷ್ಣಾಂಶಗಳ ವ್ಯತ್ಯಾಸದಿಂದ ಭಾಗಿಸಿದರೆ ಗಂಟೆಗೆ ಹೋಗುವ ಗಾಳಿ ಸಿಗುತ್ತದೆ. ಕಿಂಡಿ ಕೊರೆಸಿದ ಮೇಲೂ ನನಗೆ ಐದು ಡಿಗ್ರಿ ವ್ಯತ್ಯಾಸ ಕಂಡಿತ್ತು, ಅಂದರೆ ಬರೀ 72 ಘನ ಮೀಟರ್. ಗೋಡೆಗಳೂ ಸ್ವಲ್ಪ ಶಾಖ ಹೀರುವುದರಿಂದ ನಿಜವಾದ ಅಂಕಿ ಇನ್ನೂ ಕಡಿಮೆಯೇ ಇರಬೇಕು. ಎರಡು ಕಡೆ ಮಡಚಿ, ಹಾವಿನಂತೆ ಸುತ್ತಿಸಿದ್ದ ಅಲ್ಯುಮಿನಿಯಂ ಡಕ್ಟನ್ನು ಬಿಚ್ಚಿ, ಫ್ಯಾನನ್ನು ಕಿಟಕಿಯ ಎದುರಿಗೇ ತಂದು, ಡಕ್ಟನ್ನು ಎರಡು ಅಡಿಗೆ ಕತ್ತರಿಸಿ ಬಿಗಿಯಾಗಿ ಎಳೆದು ಕಟ್ಟಿದಾಗ ವ್ಯತ್ಯಾಸ ಮೂರು ಡಿಗ್ರಿಗೆ ಇಳಿಯಿತು, ಅಂದರೆ 120 ಘನ ಮೀಟರ್. ಡಬ್ಬಿಯ ಮೇಲಿನ ಅಂಕಿ ಡಕ್ಟು, ಜಾಳಿಗೆ ಏನೂ ಇಲ್ಲದ ಬಯಲಿನದು; ಮನೆಯಲ್ಲಿ ಅದರ ಮೂರನೇ ಎರಡು ಭಾಗ ಸಿಕ್ಕರೆ ಫ್ಯಾನನ್ನು ದೂರುವಂತಿಲ್ಲ.

ಸದ್ದಿನ ವಿಷಯದಲ್ಲಿ ಮಾತ್ರ ದೂರುವಂತಿದೆ. ಮೊದಲ ವಾರವೇ ಪಕ್ಕದ ಮನೆಯ ಅಜ್ಜಿ, "ಏನ್ರಿ ಅಕ್ಕಾರ, ಮನ್ಯಾಗ ಗಿರಣಿ ಹಾಕೀರೇನ್ರಿ?" ಎಂದು ಕೇಳಿದರು. ಜೊತೆಗೆ ಬಂದ ತಗಡಿನ ಪಟ್ಟಿಯಿಂದ ಗೋಡೆಗೆ ಬಿಗಿದರೆ ಗೋಡೆಯೇ ಗುಂಯ್‌ಗುಡುತ್ತದೆ. ಹಳೆಯ ಸೈಕಲ್ ಟ್ಯೂಬಿನ ಎರಡು ಕುಣಿಕೆಗಳಲ್ಲಿ ತೂಗುಹಾಕಿದ ಮೇಲೆ ಅಜ್ಜಿ ಮತ್ತೆ ಕೇಳಲಿಲ್ಲ. ಹೊರಗಡೆ ಮಳೆ ಸಿಡಿಯದಂತೆ ಕೆಳಮುಖದ ಪಿವಿಸಿ ಎಲ್ಬೋ ಹಾಕುವವರು ಒಂದನ್ನು ಗಮನಿಸಬೇಕು: ನಾಲ್ಕಿಂಚಿನದೆಂದು ಮಾರುವ ಪೈಪಿನ ಹೊರ ಅಳತೆ 110 ಮಿಲಿಮೀಟರ್, ಡಕ್ಟಿನದು 100. ಡಕ್ಟು ಅದರ ಮೇಲೆ ಕೂರುವುದಿಲ್ಲ. ಒಳಗೆ ತೂರಿಸಿ ಸುತ್ತಲೂ ರಬ್ಬರು ತುಂಬಬೇಕು.

2023ರ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿದ್ದರಿಂದ ಫ್ಯಾನಿಗೆ ನಿಜವಾದ ಪರೀಕ್ಷೆ ಎದುರಾದದ್ದು 2024ರ ಜುಲೈಯಲ್ಲಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹೊರಗಿನ ಗಾಳಿಯೇ ತೊಯ್ದ ಅರಿವೆಯಂತಿರುವಾಗ, ಅದನ್ನೇ ಒಳಗೆಳೆದುಕೊಂಡು ಕೋಣೆಯನ್ನು ಒಣಗಿಸಲು ಸಾಧ್ಯವಿಲ್ಲ ಎಂಬ ಸರಳ ಸಂಗತಿ ನನಗೆ ತಿಳಿಯಲು ಒಂದಿಡೀ ತಿಂಗಳು ಹಿಡಿಯಿತು. ರಾತ್ರಿ ದೀಪ ಆರಿಸಿ ಫ್ಯಾನು ಮಾತ್ರ ಓಡಿಸಿದಷ್ಟೂ ಟ್ರೇಗಳ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತೇವವಾಗಿಯೇ ಉಳಿದು, ಬದನೆ ಸಸಿಗಳು ಮಣ್ಣಿನ ಮಟ್ಟದಲ್ಲಿ ದಾರದಂತೆ ಸಣ್ಣಗಾಗಿ ಮಗ್ಗುಲಾದವು. ದೀಪ ಉರಿಯುತ್ತಿರುವಾಗಿನ ಕಥೆ ಬೇರೆ. ಶೇ 95ರಷ್ಟು ತೇವಾಂಶವಿರುವ 22 ಡಿಗ್ರಿಯ ಗಾಳಿ ಕೋಣೆಯೊಳಗೆ 26 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ತೇವಾಂಶ ಸುಮಾರು ಶೇ 75ಕ್ಕೆ ಇಳಿಯುತ್ತದೆ. ಆಗ ಅದು ಎಲೆಗಳಿಂದಲೂ ಟ್ರೇಗಳಿಂದಲೂ ನೀರನ್ನು ಹೀರಿಕೊಂಡು ಹೊರಗೆ ಹೋಗಬಲ್ಲದು. ಅಂದಿನಿಂದ ಮಳೆಗಾಲದಲ್ಲಿ ದೀಪವನ್ನು ರಾತ್ರಿಗೆ ಹೊರಳಿಸಿ, ದೀಪವಿದ್ದಷ್ಟು ಹೊತ್ತು ಮಾತ್ರ ಫ್ಯಾನನ್ನು ನಿಧಾನ ವೇಗದಲ್ಲಿ ಓಡಿಸುತ್ತೇನೆ. ಏಪ್ರಿಲಿನಲ್ಲೂ ರಾತ್ರಿಯ ದೀಪವೇ ಅನುಕೂಲ, ಆದರೆ ಕಾರಣ ಬೇರೆ: ಮಧ್ಯಾಹ್ನದ ಬಿಸಿಗಾಳಿಯನ್ನು ಎಳೆದುಕೊಂಡು ಯಾವ ಫ್ಯಾನೂ ಕೋಣೆಯನ್ನು ಹೊರಗಿಗಿಂತ ತಂಪು ಮಾಡಲಾರದು.

2024ರ ಅದೇ ಜುಲೈಯಲ್ಲಿ ನಾನು ಎರಡು ಟ್ರೇ ಮೂಲಂಗಿಯನ್ನು ಬೂಜು ಹಿಡಿದಿದೆ ಎಂದು ತಿಪ್ಪೆಗೆ ಸುರಿದೆ. ಅದು ಬೂಜಲ್ಲ, ಎಳೆಯ ಬೇರಿನ ಸುತ್ತ ಬರುವ ಬಿಳಿ ರೋಮ. ನೀರು ಚಿಮುಕಿಸಿದರೆ ರೋಮ ಬೇರಿಗೆ ಅಂಟಿಕೊಂಡು ಕಾಣದಂತಾಗುತ್ತದೆ. ಬೂಜು ಜೇಡರ ಬಲೆಯಂತೆ ಹಾಗೆಯೇ ಉಳಿಯುತ್ತದೆ. ಫ್ಯಾನನ್ನು ಬೈಯುವ ಮೊದಲು ಇದೊಂದನ್ನು ನೋಡುವುದು ಒಳ್ಳೆಯದು.

ಹದಿನಾಲ್ಕನೇ ತಿಂಗಳಿಗೆ, ಅದೇ ಜುಲೈ ಕೊನೆಯಲ್ಲಿ, ಫ್ಯಾನು ಗುನುಗುತ್ತಿತ್ತೇ ಹೊರತು ತಿರುಗಲಿಲ್ಲ. ವಾರಂಟಿ ಹನ್ನೆರಡು ತಿಂಗಳದ್ದು. ಅಂಗಡಿಯವರು ಬಿಚ್ಚಿಯೂ ನೋಡದೆ ಹೊಸದನ್ನು ಕೊಳ್ಳಲು ಹೇಳಿದರು. ನಮ್ಮ ಓಣಿಯ ವೈರಮನ್ ಮುಚ್ಚಳ ತೆಗೆದು, ಹೆಬ್ಬೆರಳಿನಷ್ಟು ದಪ್ಪದ ಎರಡು ಮೈಕ್ರೋಫ್ಯಾರಡ್ಡಿನ, ಮೋಟರು ತಿರುಗಲು ನೆರವಾಗುವ ಕೆಪಾಸಿಟರೊಂದನ್ನು ತೋರಿಸಿ, ಅದರ ಹೊಟ್ಟೆ ಉಬ್ಬಿರುವುದನ್ನು ಬೆರಳಿನಿಂದ ಒತ್ತಿ ಹೇಳಿದರು. ನೂರು ರೂಪಾಯಿಯೊಳಗೆ ಕೆಲಸ ಮುಗಿಯಿತು. ಇಂಥದ್ದೊಂದನ್ನು ಮೊದಲೇ ತಂದಿಟ್ಟುಕೊಂಡಿದ್ದರೆ ಮೂರು ದಿನ ಕೋಣೆ ಉಸಿರುಕಟ್ಟಿ ಕೂರುತ್ತಿರಲಿಲ್ಲ.

ದಿನಕ್ಕೆ ಹದಿನಾಲ್ಕು ತಾಸು ಓಡಿದರೆ ಫ್ಯಾನಿಗೆ ತಿಂಗಳಿಗೆ ಸುಮಾರು 12 ಯೂನಿಟ್, ದೀಪಗಳಿಗೆ 50 ಯೂನಿಟ್. ಗೃಹಜ್ಯೋತಿಯ ಲೆಕ್ಕ 2022-23ರ ಸರಾಸರಿಯ ಮೇಲೆ ನಿಂತಿದ್ದು, ಈ ಕೋಣೆ ಶುರುವಾದದ್ದು ಅದರ ನಂತರವಾದ್ದರಿಂದ, ಹೆಚ್ಚುವರಿ ಯೂನಿಟ್ಟುಗಳಿಗೆ ಹಣ ಕಟ್ಟುತ್ತಿದ್ದೇನೆ. ಇನ್ನು ಟೈಮರ್: ಹಲ್ಲಿನ ಚಕ್ರ ತಿರುಗುವ ಅಗ್ಗದ ಟೈಮರ್ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಮಳೆಗಾಲದ ಒಂದು ವಾರ ಕಳೆಯುವಷ್ಟರಲ್ಲಿ ಸಂಜೆ ಆರಕ್ಕೆ ಹತ್ತಬೇಕಾದ ದೀಪ ಒಂಬತ್ತಕ್ಕೆ ಹತ್ತುತ್ತಿತ್ತು. ಬ್ಯಾಟರಿಯಿರುವ ಡಿಜಿಟಲ್ ಟೈಮರನ್ನೇ ಕೊಳ್ಳಿರಿ. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ನಡೆಯುತ್ತದೆ, ಆದರೆ ಸಂಜೆ ವೋಲ್ಟೇಜ್ ಇಳಿದಾಗ ಒಂದನೇ ನಂಬರಿನಲ್ಲಿ ಫ್ಯಾನು ಶುರುವಾಗುವುದಿಲ್ಲವಾದ್ದರಿಂದ ನಾನು ಎರಡಕ್ಕಿಂತ ಕೆಳಗೆ ಇಡುವುದಿಲ್ಲ.

ಫೆಬ್ರುವರಿಯಿಂದ ಮೇವರೆಗೆ ಕಿಂಡಿಯ ಜಾಳಿಗೆಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯುತ್ತೇನೆ. ಕೆಂಪು ಧೂಳು ಕಟ್ಟಿಕೊಂಡರೆ ಅದೇ ಹಳೆಯ ಸ್ಪಂಜಿನ ಪಟ್ಟಿಯ ಸ್ಥಿತಿ. ರೆಕ್ಕೆಗಳ ಮೇಲೆ ಒಂದೇ ಕಡೆ ಧೂಳು ಕೂತು ನಡುಕ ಬಂದಾಗ, ಪ್ಲಗ್ ಕಿತ್ತಿಟ್ಟು ಒದ್ದೆ ಅರಿವೆಯಿಂದ ಒರೆಸಿದರೆ ಸಾಕು. ಈಗ ಚಳಿಯ ಬೆಳಗಿನಲ್ಲಿ ಮೊದಲ ಒಂದೆರಡು ನಿಮಿಷ ಬೇರಿಂಗಿನಿಂದ ಸಣ್ಣ ಕಿರ್ರೆನ್ನುವ ಸದ್ದು ಬರತೊಡಗಿದೆ. ಬೇರಿಂಗು ಬಿಡಿಯಾಗಿ ಸಿಗುವ ಅಳತೆಯದೇ ಎಂದು ವೈರಮನ್ ಹೇಳಿದ್ದಾರೆ. ಸೈಕಲ್ ಟ್ಯೂಬಿನ ಕುಣಿಕೆಗಳನ್ನಂತೂ ಆಗಲೇ ಎರಡು ಸಲ ಬದಲಿಸಿದ್ದೇನೆ.