ಹಾರ್ಡ್‌ಡಿಸ್ಕ್‌ನಿಂದ ವೆಬ್‌ಸೈಟ್ ವಾಪಸ್: ಡಿಎಂಡಿಇಯೋ, ಫೋಟೋರೆಕ್ಕೋ?

ಮದುವೆ ಫೋಟೋ ಅಳಿಸಿಹೋಗಿದ್ದರೆ ಫೋಟೋ ಸಿಕ್ಕರೆ ಸಾಕು. ಫೈಲಿನ ಹೆಸರು ಏನಾಗಿದ್ದರೂ ಮುಖ ನೋಡಿದರೆ ಗೊತ್ತಾಗುತ್ತದೆ. ವೆಬ್‌ಸೈಟ್ ಹಾಗಲ್ಲ. ಅಲ್ಲಿ ಒಂದು ಫೈಲ್ ಇನ್ನೊಂದನ್ನು ಹೆಸರು ಹಿಡಿದು, ಫೋಲ್ಡರ್ ಹಿಡಿದು ಹುಡುಕುತ್ತದೆ. ಹೆಸರು ಹೋದರೆ ಇದ್ದೂ ಇಲ್ಲದ ಲೆಕ್ಕ. ಡಿಎಂಡಿಇ, ಫೋಟೋರೆಕ್ ಥರದ, ಅಳಿಸಿಹೋದ ಫೈಲ್ ಎತ್ತಿಕೊಡುವ ರಿಕವರಿ ಸಾಫ್ಟ್‌ವೇರ್‌ಗಳನ್ನು ಹೋಲಿಸುವವರು ಸಾಮಾನ್ಯವಾಗಿ ಯಾವುದು ಎಷ್ಟು ಫೈಲ್ ಎತ್ತಿಕೊಟ್ಟಿತು ಅಂತ ಎಣಿಸುತ್ತಾರೆ. ನಾನು ನೋಡಿದ್ದು ಬೇರೆ: ಎಷ್ಟು ಫೈಲ್ ತನ್ನ ಹೆಸರು, ತನ್ನ ಜಾಗದ ಸಮೇತ ಬಂತು?

ಡಿಸ್ಕ್ ನಮ್ಮ ಭಾವನದು. ತಿಪಟೂರಿನಲ್ಲಿ ಅವರದು ಕೊಬ್ಬರಿ ಮಂಡಿ. ಮಂಡಿಯ ವರ್ಡ್‌ಪ್ರೆಸ್ ಸೈಟ್, ಅದಕ್ಕೂ ಮುಂಚಿನ ಹಳೇ ಎಚ್‌ಟಿಎಂಎಲ್ ಪುಟಗಳು, ಎಲ್ಲವೂ ಡಿ ಡ್ರೈವ್‌ನಲ್ಲಿ, ಸೈಟನ್ನು ನಮ್ಮ ಕಂಪ್ಯೂಟರ್‌ನಲ್ಲೇ ಓಡಿಸುವ ಕ್ಸಾಂಪ್ ಎಂಬ ಸಾಫ್ಟ್‌ವೇರ್‌ನ ಫೋಲ್ಡರ್‌ನಲ್ಲಿದ್ದವು. ತುಮಕೂರಿನ ಒಂದು ಅಂಗಡಿಗೆ ವಿಂಡೋಸ್ ಹಾಕಿಸಲು ಕೊಟ್ಟಿದ್ದರು. ಅವರು ಸಿ ಜೊತೆ ಡಿಯನ್ನೂ ಫಾರ್ಮ್ಯಾಟ್ ಮಾಡಿ ಕಳಿಸಿದರು. ಹೋಸ್ಟಿಂಗ್ ಅವಧಿ ಮುಗಿದು ಸರ್ವರ್‌ನಲ್ಲಿದ್ದ ಪ್ರತಿ ಆಗಲೇ ಹೋಗಿತ್ತು.

ಪುಣ್ಯಕ್ಕೆ ಎರಡು ವಿಷಯ ನಮ್ಮ ಕಡೆಗಿದ್ದವು. ಒಂದು, ಅದು ತಿರುಗುವ 1 ಟಿಬಿ ಹಾರ್ಡ್‌ಡಿಸ್ಕ್. ಎಸ್‌ಎಸ್‌ಡಿ ಆಗಿದ್ದರೆ ಫಾರ್ಮ್ಯಾಟ್ ಮಾಡುವಾಗಲೇ ವಿಂಡೋಸ್ ಈ ಜಾಗದಲ್ಲಿರುವುದು ಇನ್ನು ಬೇಡ ಅನ್ನುವ 'ಟ್ರಿಮ್' ಆದೇಶ ಕಳಿಸಿಬಿಡುತ್ತದೆ, ಆಮೇಲೆ ಹುಡುಕಲು ಏನೂ ಉಳಿಯುವುದಿಲ್ಲ ಅಂತಲೇ ಅಂದುಕೊಳ್ಳಬೇಕು. ಎರಡು, ಅಂಗಡಿಯವರು ಮಾಡಿದ್ದು ಕ್ವಿಕ್ ಫಾರ್ಮ್ಯಾಟ್. ವಿಸ್ಟಾದಿಂದ ಈಚೆಗೆ ವಿಂಡೋಸ್‌ನ ಪೂರ್ತಿ ಫಾರ್ಮ್ಯಾಟ್ ಡಿಸ್ಕ್ ತುಂಬ ಸೊನ್ನೆ ಬರೆಯುತ್ತದೆ. ಕ್ವಿಕ್ ಫಾರ್ಮ್ಯಾಟ್ ಹೊಸ ಫೈಲ್ ಪಟ್ಟಿಯನ್ನು ಮಾತ್ರ ಶುರು ಮಾಡುತ್ತದೆ. ಹಳೇ ಪಟ್ಟಿಯ ಬಹುಪಾಲು ಕೆಳಗೆ ಹಾಗೇ ಇರುತ್ತದೆ.

ಯಾವ ಸಾಫ್ಟ್‌ವೇರ್ ಓಡಿಸುವ ಮುಂಚೆಯೂ ಡಿಸ್ಕ್‌ಗೆ ಒಂದು ನಕಲು ಬೇಕು. ಅದಕ್ಕೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸಿ, ಡಿಡಿರೆಸ್ಕ್ಯೂ ಬಳಸಿ ಇನ್ನೊಂದು ಡಿಸ್ಕ್‌ಗೆ ಸೆಕ್ಟರ್ ಸೆಕ್ಟರ್ (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡು) ಇಳಿಸಿದೆ. ಎಲ್ಲಿವರೆಗೆ ಓದಿಯಾಯಿತು ಅಂತ ಅದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಧ್ಯದಲ್ಲಿ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಯಬಹುದು, ಹೋಗದೇ ಇರುತ್ತಾ! ಆದರೆ ಆ ಮ್ಯಾಪ್ ಫೈಲನ್ನು ಮೂರನೇ ಕಡೆ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಡಬೇಕು. ಪೆನ್‌ಡ್ರೈವ್‌ನಿಂದ ಎದ್ದ ಲಿನಕ್ಸ್ ಸಾಮಾನ್ಯವಾಗಿ ರ್‍ಯಾಮ್‌ನಲ್ಲೇ ಬರೆಯುವುದರಿಂದ ಕರೆಂಟ್ ಜೊತೆಗೆ ಅದೂ ಹೋಗುತ್ತದೆ. ಮುಂದಿನ ಪ್ರಯೋಗವೆಲ್ಲ ಈ ನಕಲಿನ ಮೇಲೆ. ಮೂಲ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟೆ.

ರೆಕುವಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಕ್ಲೀನರ್ ಮಾಡಿದ ಪಿರಿಫಾರ್ಮ್‌ನವರದ್ದು, ಬಳಸಲು ಬಹಳ ಸುಲಭ. ನಿನ್ನೆ ಅಳಿಸಿದ ಫೈಲ್ ಇವತ್ತು ಬೇಕು ಅಂದರೆ ಒಳ್ಳೆಯದೇ. ಫಾರ್ಮ್ಯಾಟ್ ಆದ ಡ್ರೈವ್ ಮುಂದೆ ಮಾತ್ರ ಅದು ಸೋತಿತು. ಡೀಪ್ ಸ್ಕ್ಯಾನ್ ಹಾಕಿದಾಗ ಫೋಟೋಗಳು ಬಂದವು, ಸೈಟ್ ನಡೆಸುವ ಕೋಡ್ ಇರುವ ಪಿಎಚ್‌ಪಿ ಫೈಲ್ ಒಂದೂ ಕಾಣಲಿಲ್ಲ.

ಮೈಕ್ರೋಸಾಫ್ಟ್‌ನವರೇ 2020ರಲ್ಲಿ ಬಿಟ್ಟ ವಿಂಡೋಸ್ ಫೈಲ್ ರಿಕವರಿಯನ್ನೂ ಓಡಿಸಿದೆ. ಪೂರ್ತಿ ಕಮಾಂಡ್ ಬರೆದೇ ಕೆಲಸ ಮಾಡಬೇಕು. ಇಂಥ ಬಗೆಯ ಫೈಲ್ ಮಾತ್ರ ಬೇಕು ಅಂತ ಸೋಸಬಹುದು, ಅದು ಚೆನ್ನಾಗಿದೆ. ಮುಂಚೆ ತೋರಿಸಿ ಆಮೇಲೆ ಎತ್ತಿಕೊಡುವುದಿಲ್ಲ, ಸಿಕ್ಕಿದ್ದನ್ನೆಲ್ಲ ಸುಮ್ನೆ ಸುರಿಯುತ್ತದೆ. ನನಗೆ ತಾಳ್ಮೆ ಸಾಲಲಿಲ್ಲ. ಟೆಸ್ಟ್‌ಡಿಸ್ಕ್ ಒಳ್ಳೆಯ ಸಾಧನ, ಆದರೆ ಅದರ ಮುಖ್ಯ ಕೆಲಸ ಕಳೆದುಹೋದ ಪಾರ್ಟಿಶನ್ (ಸಿ, ಡಿ ಥರದ ಭಾಗ) ಹುಡುಕುವುದು. ನಮ್ಮ ಪಾರ್ಟಿಶನ್ ಎಲ್ಲೂ ಹೋಗಿರಲಿಲ್ಲ.

ನಿಜವಾದ ಪೈಪೋಟಿ ಇದ್ದದ್ದು ಫೋಟೋರೆಕ್ ಮತ್ತು ಡಿಎಂಡಿಇ ನಡುವೆ.

ಫೋಟೋರೆಕ್ ಟೆಸ್ಟ್‌ಡಿಸ್ಕ್‌ನ ಜೋಡಿ. ಎರಡೂ ಕ್ರಿಸ್ಟೋಫ್ ಗ್ರೆನಿಯೆ ಅವರು ಬರೆದದ್ದು, ಎರಡೂ ಪೂರ್ತಿ ಉಚಿತ. ಫೋಟೋರೆಕ್ ಫೈಲ್ ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಡಿಸ್ಕನ್ನು ಉದ್ದಕ್ಕೂ ಓದುತ್ತಾ, ಇಲ್ಲಿ ಜೆಪೆಗ್ ಶುರುವಾಯಿತು, ಇಲ್ಲಿ ಜಿಪ್ ಶುರುವಾಯಿತು ಅಂತ ಮೊದಲ ಬೈಟ್‌ಗಳಿಂದ ಗುರುತಿಸಿ ಎತ್ತುತ್ತದೆ. ಅದಕ್ಕೆ 480ಕ್ಕೂ ಹೆಚ್ಚು ಬಗೆಯ ಎಕ್ಸ್‌ಟೆನ್ಷನ್ ಗೊತ್ತು. ಎಲ್ಲಕ್ಕಿಂತ ಜಾಸ್ತಿ ಫೈಲ್ ಕೊಟ್ಟದ್ದೂ ಇದೇ. ಆದರೆ ಕೊಟ್ಟ ರೀತಿ ನೋಡಿ. ಒಂದೊಂದು ಫೋಲ್ಡರ್‌ಗೆ 500ರಂತೆ ತುಂಬಿದ ರಾಶಿ. ಹೆಸರಿನ ಜಾಗದಲ್ಲಿ 'ಎಫ್' ಅಕ್ಷರ, ಹಿಂದೆ ಒಂದು ಉದ್ದನೆ ಅಂಕಿ. ಸಂತೆ ಮುಗಿದ ಮೇಲೆ ಎಲ್ಲರ ಮೂಟೆಯನ್ನೂ ಒಂದೇ ಕಡೆ ಸುರಿದ ಹಾಗೆ.

ವರ್ಡ್‌ಪ್ರೆಸ್‌ಗೆ ಇದು ಇನ್ನೂ ಕಷ್ಟ. ನೀವು ಹಾಕಿದ ಒಂದೊಂದು ಫೋಟೋವನ್ನೂ ಅದು 150, 300, 768, 1024 ಪಿಕ್ಸೆಲ್ ಅಂತ ಬೇರೆ ಬೇರೆ ಅಳತೆಗೆ ಇಳಿಸಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಂದೇ ಉಂಡೆ ಕೊಬ್ಬರಿ ಚಿತ್ರ ಐದಾರು ಗಾತ್ರದಲ್ಲಿ, ಐದಾರು ಅಂಕಿಗಳ ಹೆಸರಲ್ಲಿ ಬಂದು ಕೂತಿತ್ತು. ಪುಟದ ಬಣ್ಣ, ವಿನ್ಯಾಸ ಹೇಳುವ ಸಿಎಸ್‌ಎಸ್ ಫೈಲಿಗೆ ಇಂಥದ್ದೇ ಆರಂಭ ಅಂತ ಇಲ್ಲವಲ್ಲ, ಅವು ಬರಿ ಟೆಕ್ಸ್ಟ್ ಫೈಲ್‌ಗಳಾಗಿ ಸೇರಿಕೊಂಡಿದ್ದವು. ಹಳೇ ಪುಟಗಳನ್ನಾದರೂ ಒಳಗಿನ ಪದದಿಂದ ಹಿಡಿಯೋಣ ಅಂತ 'ಕೊಬ್ಬರಿ' ಅಂತ ಹುಡುಕಿದೆ. ಸಿಗಲಿಲ್ಲ. ಅವು ಕನ್ನಡಕ್ಕೆ ಯೂನಿಕೋಡ್ ಬಳಕೆ ರೂಢಿಯಾಗುವ ಮುಂಚೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಒಳಗಿರುವುದು ಅರ್ಥವಿಲ್ಲದಂತೆ ಕಾಣುವ ಇಂಗ್ಲಿಷ್ ಅಕ್ಷರಗಳು. ಅದೇ ಪದವನ್ನು ನುಡಿಯಲ್ಲಿ ಟೈಪ್ ಮಾಡಿ, ಬಂದ ಅಕ್ಷರಗಳನ್ನು ಹುಡುಕಿದರೆ ಮಾತ್ರ ಸಿಗುತ್ತವೆ.

ಒಂದು ಉಪಾಯ ಕೆಲಸಕ್ಕೆ ಬಂತು. ಹೆಸರಿನಲ್ಲಿರುವ ಆ ಅಂಕಿ ಸೆಕ್ಟರ್ ಸಂಖ್ಯೆ. ಒಟ್ಟಿಗೆ ಕಾಪಿ ಮಾಡಿದ ಫೈಲ್‌ಗಳು ಡಿಸ್ಕ್‌ನಲ್ಲೂ ಅಕ್ಕಪಕ್ಕ ಇರುವುದು ಹೆಚ್ಚು. ಹೆಸರಿನ ಪ್ರಕಾರ ಜೋಡಿಸಿ ನೋಡಿದರೆ ಒಂದು ಥೀಮಿನ ಫೈಲ್‌ಗಳು ನೆರೆಹೊರೆಯಲ್ಲೇ ಕಾಣುತ್ತವೆ.

ಡಿಎಂಡಿಇ ದಾರಿ ಬೇರೆ. ಫುಲ್ ಸ್ಕ್ಯಾನ್ ಹಾಕಿದರೆ ಅದು ಹಳೇ ಫೈಲ್ ಪಟ್ಟಿಯ ಚೂರುಗಳನ್ನು ಹುಡುಕಿ, ಹಳೇ ಡ್ರೈವ್ ಹೇಗಿತ್ತೋ ಹಾಗೆ ಕಟ್ಟಿ ತೋರಿಸುತ್ತದೆ. ಕ್ಸಾಂಪ್ ಫೋಲ್ಡರ್, ಅದರೊಳಗೆ ಸೈಟ್, ಅದರೊಳಗೆ ವರ್ಷ ತಿಂಗಳ ಲೆಕ್ಕದ ಫೋಟೋ ಫೋಲ್ಡರ್‌ಗಳು. ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳೂ ಕೆಡದೆ ಬಂದವು. ನುಡಿಯ ಪುಟಗಳ ತಲೆನೋವೂ ಇಲ್ಲ, ಹೆಸರೇ ಇದೆಯಲ್ಲ.

ಚಿಕ್ಕ ಫೈಲ್‌ಗಳಲ್ಲಿ ಇದರ ಗೆಲುವು ಎದ್ದು ಕಾಣುತ್ತದೆ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಸುಮಾರು 700 ಬೈಟ್‌ಗಿಂತ ಚಿಕ್ಕ ಫೈಲ್ ಸಾಮಾನ್ಯವಾಗಿ ಆ ಪಟ್ಟಿಯ ದಾಖಲೆಯೊಳಗೇ ಅಡಗಿ ಕೂತಿರುತ್ತದೆ. ಅಂಥವು ಫೋಟೋರೆಕ್ ಕಣ್ಣಿಗೆ ಬೀಳುವುದಿಲ್ಲ. ಸರ್ವರ್‌ಗೆ ಸೂಚನೆ ಬರೆದಿಡುವ, ಸೈಟಿನ ಎಚ್‌ಟಿ-ಆಕ್ಸೆಸ್ ಫೈಲ್ ನನಗೆ ಸಿಕ್ಕಿದ್ದು ಡಿಎಂಡಿಇಯಲ್ಲಿ ಮಾತ್ರ.

ಉಚಿತ ಆವೃತ್ತಿಯಲ್ಲಿ ಒಂದು ಸಲಕ್ಕೆ ಒಂದು ಫೋಲ್ಡರ್‌ನಿಂದ 4000 ಫೈಲ್ ಮಾತ್ರ ಎತ್ತಬಹುದು. ಮಂಡಿಯ ಸೈಟಿಗೆ ಅದು ಧಾರಾಳ. ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳನ್ನು ಎತ್ತುವ ಗೋಜಿಗೇ ಹೋಗಬೇಡಿ, ಹೊಸದಾಗಿ ಇಳಿಸಿಕೊಂಡರೆ ಆಯಿತು. ಬೇಕಾದದ್ದು ಕಂಟೆಂಟ್ ಫೋಲ್ಡರ್, ಕಾನ್ಫಿಗ್ ಫೈಲ್, ಡೇಟಾಬೇಸ್.

ಡಿಎಂಡಿಇಯನ್ನೂ ಕಣ್ಣುಮುಚ್ಚಿ ನಂಬಬಾರದು. ಹೆಸರು ಸರಿ, ಗಾತ್ರ ಸರಿ, ಒಳಗೆ ಮಾತ್ರ ಬೇರೆ ಯಾರದ್ದೋ ಸರಕು ಇರಬಹುದು. ಅಂಗಡಿಯವರು ಫಾರ್ಮ್ಯಾಟ್ ಆದಮೇಲೆ ಡ್ರೈವರ್, ಸೆಟಪ್ ಅಂತ ಏನೇನೋ ಡಿ ಡ್ರೈವ್‌ಗೆ ಹಾಕಿದ್ದರು. ಅವು ಕೂತ ಜಾಗದ ಹಳೇ ಫೈಲ್‌ಗಳು ಹೆಸರಿಗೆ ಮಾತ್ರ ಉಳಿದಿದ್ದವು. ಫೋಟೋರೆಕ್‌ನಲ್ಲಿ ಇದು ಕಡಿಮೆ, ಒಳಗಿನದನ್ನು ನೋಡಿಯೇ ಎತ್ತುತ್ತದಲ್ಲ. ಹಾಗೆ ಕೆಟ್ಟ ದೊಡ್ಡ ಫೋಟೋಗಳ ಜಾಗಕ್ಕೆ ವರ್ಡ್‌ಪ್ರೆಸ್ ಮಾಡಿಟ್ಟಿದ್ದ 1024ರ ಪ್ರತಿಗಳು ಬಂದವು. ಫೋಟೋರೆಕ್‌ನಲ್ಲಿ ಬೈದುಕೊಂಡ ಸಂಗತಿಯೇ ಇಲ್ಲಿ ಕೈಹಿಡಿಯಿತು.

ಡೇಟಾಬೇಸ್ ಇಲ್ಲದಿದ್ದರೆ ಇಷ್ಟೆಲ್ಲ ಇದ್ದೂ ಪ್ರಯೋಜನವಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಬರಹ ಇರುವುದೇ ಅಲ್ಲಿ. ಕ್ಸಾಂಪ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಮೈಎಸ್‌ಕ್ಯೂಎಲ್ ಒಳಗಿನ ಡೇಟಾ ಫೋಲ್ಡರ್ ಪೂರ್ತಿ ಬೇಕು. ನಿಮ್ಮ ಡೇಟಾಬೇಸ್ ಹೆಸರಿನ ಫೋಲ್ಡರ್ ಒಂದನ್ನೇ ಎತ್ತಿದರೆ ಸಾಲದು, ಹೊರಗಿರುವ 'ಐಬಿಡೇಟಾ1' ಫೈಲೂ ಜೊತೆಗಿರಬೇಕು. ಅದಿಲ್ಲದೆ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಬಗೆಯ ಟೇಬಲ್‌ಗಳು ತಾವಾಗಿ ತೆರೆಯುವುದಿಲ್ಲ. ಡಿಎಂಡಿಇಯಿಂದ ಎರಡೂ ಬಂದವು. ಮುಂಚೆ ಇದ್ದ ಕ್ಸಾಂಪ್ ಆವೃತ್ತಿಯನ್ನೇ ಹಾಕಿ, ಡೇಟಾ ಫೋಲ್ಡರ್ ಇಟ್ಟಾಗ ಎದ್ದು ನಿಂತಿತು. ಹೆಸರೇ ಇಲ್ಲದ ಫೋಟೋರೆಕ್ ರಾಶಿಯಿಂದ ಈ ಕೆಲಸ ನನ್ನ ಕೈಲಂತೂ ಆಗುತ್ತಿರಲಿಲ್ಲ.

ಅಂಗಡಿಗಳಲ್ಲೂ ವಿಚಾರಿಸಿದ್ದೆ. ಒಬ್ಬರು 'ಎಲ್ಲಾ ಬರುತ್ತೆ ಬಿಡಿ ಸಾರ್' ಅಂದರು. ಹೇಗೆ ಅಂತ ಕೇಳಿದರೆ, ನಾನು ಮನೆಯಲ್ಲಿ ಓಡಿಸುತ್ತಿದ್ದ ಥರದ್ದೇ ಸಾಫ್ಟ್‌ವೇರ್. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತು ಬೇರೆ. ಆಗ ಕರೆಂಟ್ ಕೊಡುವುದನ್ನೇ ನಿಲ್ಲಿಸಿ, ಬೆಂಗಳೂರಿಗೆ ಹೋಗಿ ಡಿಸ್ಕ್ ಬಿಚ್ಚಿ ರಿಪೇರಿ ಮಾಡುವ ಲ್ಯಾಬ್‌ಗೆ ಕೊಡಿ.

ಡಿಸ್ಕ್‌ನಲ್ಲಿ ಸಿಗದೇ ಹೋದ ಕೆಲವು ಹಳೇ ಪುಟಗಳಿಗೆ ವೇಬ್ಯಾಕ್ ಮೆಷಿನ್ ಆಯಿತು. 1996ರಿಂದಲೂ ವೆಬ್ ಪುಟಗಳನ್ನು ಕೂಡಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನದು ಅದು. ಪುಟದ ವಿಳಾಸದಲ್ಲಿ ದಿನಾಂಕದ ಅಂಕಿಗಳಾದ ಕೂಡಲೇ 'ಐ', 'ಡಿ' ಅಕ್ಷರ ಮತ್ತು ಒಂದು ಅಂಡರ್‌ಸ್ಕೋರ್ ಸೇರಿಸಿದರೆ, ಮೇಲಿನ ಪಟ್ಟಿ ಇಲ್ಲದೆ ಅಸಲಿ ಪುಟ ಬರುತ್ತದೆ. ಪಿಎಚ್‌ಪಿ ಕೋಡ್ ಸಿಗುವುದಿಲ್ಲ, ಹೊರಗೆ ಕಾಣುವ ಪುಟ ಮಾತ್ರ. ಬರಿ ಎಚ್‌ಟಿಎಂಎಲ್ ಪುಟಗಳಿಗೆ ಅಷ್ಟು ಸಾಕಲ್ವಾ.

ಅದರಲ್ಲಿ ಮಂಡಿಯ ವಿಳಾಸದ ಪುಟವೂ ಬಂತು. ಖುಷಿಯಿಂದ ಭಾವನಿಗೆ ತೋರಿಸಿದೆ. 'ಆ ಫೋನ್ ನಂಬರ್ ಬಿಟ್ಟು ಯಾವ ಕಾಲ ಆಯ್ತೋ, ಮೊದಲು ಅದನ್ನ ತೆಗಿ' ಅಂದರು.