ಊರಿನ ಅರಿವು ಕೇಂದ್ರವೋ, ಜಮಖಂಡಿಯ ಗ್ರಂಥಾಲಯವೋ?

ಜಮಖಂಡಿ ಸುತ್ತಲಿನ ಹಳ್ಳಿಯಲ್ಲಿದ್ದು ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಓದುವವರಿಗೆ ಊರಿನ ಅರಿವು ಕೇಂದ್ರ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕಿಂತ ಪಟ್ಟಣದ ಗ್ರಂಥಾಲಯವೇ ಮೇಲು. ಹೆಚ್ಚು ಪತ್ರಿಕೆ, ಜೊತೆಗೆ ಓದುವ ಗೆಳೆಯರು. ತೊಡಕು ಕುರ್ಚಿಯದು: ನೇಮಕಾತಿ ಅಧಿಸೂಚನೆ ಹೊರಬಿದ್ದರೆ ಬಾಗಿಲು ತೆರೆಯುವಾಗಲೇ ಹೋಗಬೇಕು. ಹಲವರು ಸ್ವಂತ ಗೈಡ್ ಹಿಡಿದೇ ಕೂರುವುದರಿಂದ ಕಪಾಟಿನ ಪುಸ್ತಕ ಸುಲಭವಾಗಿ ಕೈಗೆ ಸಿಗುತ್ತವೆ. ಆದರೆ ಮುದ್ರಣದ ವರ್ಷ ನೋಡಿ. 2019ಕ್ಕಿಂತ ಹಳೆಯದರಲ್ಲಿ ಜಮ್ಮು-ಕಾಶ್ಮೀರ ಇನ್ನೂ ರಾಜ್ಯವೇ! ಮನೆಗೆ ಒಯ್ಯುವುದಾದರೆ ಠೇವಣಿ, ವಿಳಾಸದ ದಾಖಲೆ ಕೇಳುತ್ತಾರೆ.

ಮನೆಯಲ್ಲಿ ಶಾಲೆ ಮಕ್ಕಳಿದ್ದರೆ ಲೆಕ್ಕ ಬೇರೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ, ನಡೆದೇ ಹೋಗಬಹುದು. ಕಂಪ್ಯೂಟರ್ ನಂಬಿ ಮಾತ್ರ ಹೋಗಬೇಡಿ, ಕರೆಂಟ್ ಹೋದರೆ ಮುಗೀತು. ಪುಸ್ತಕ ಕಡಿಮೆ ಎನಿಸಿದರೆ ಮೇಲ್ವಿಚಾರಕರಿಗೆ ಬೇಕಾದ ಶೀರ್ಷಿಕೆಗಳನ್ನು ಬರೆದುಕೊಡಿ.