ಯಾರನ್ನೂ ಪ್ರಶ್ನೆ ಕೇಳದ ಮೇಜು: ಎಂಸಿಸಿ ಸಭೆಗಳ ಆರಾಧನೆ, ಮದುವೆ, ಸಾವಿನ ಸೇವೆ ಹೇಗಿದೆ?

ತಾನು ಗೇ ಎಂದು ಮುಚ್ಚಿಡದೆ ಹೇಳಿಕೊಂಡ ಪಾಸ್ಟರ್ ಒಬ್ಬರ ಬದುಕನ್ನು ವೀರಗಾಥೆಯಾಗಿ ಓದುವುದು ಸುಲಭ. ಆದರೆ ಪಾಸ್ಟರ್ ಕೆಲಸ ಭಾನುವಾರದಿಂದ ಭಾನುವಾರಕ್ಕೆ ನಡೆಯುವ ಕೆಲಸ. ಅದನ್ನು ಅಳೆಯಬೇಕಾದದ್ದು ಆರಾಧನೆಯಲ್ಲಿ, ಮದುವೆಯ ರಿಜಿಸ್ಟರಿನಲ್ಲಿ, ಸಾವಿನ ಮನೆಯಲ್ಲಿ. ಗೇ ಕ್ರೈಸ್ತರನ್ನು ಮುಕ್ತವಾಗಿ ಸೇರಿಸಿಕೊಳ್ಳಲೆಂದು ಅಮೆರಿಕದಲ್ಲಿ ಹುಟ್ಟಿದ ಮೆಟ್ರೊಪಾಲಿಟನ್ ಕಮ್ಯುನಿಟಿ ಚರ್ಚ್, ಅಂದರೆ ಎಂಸಿಸಿಯನ್ನು ಇಲ್ಲಿ ನೋಡುತ್ತಿರುವುದು ಆ ಲೆಕ್ಕದಲ್ಲೇ.

ಈ ಸಭೆಯನ್ನು ಶುರುಮಾಡಿದ್ದು ಟ್ರಾಯ್ ಪೆರಿ. ಹದಿನೈದನೇ ವಯಸ್ಸಿಗೇ ಬ್ಯಾಪ್ಟಿಸ್ಟ್ ಸಭೆಯಿಂದ ಪ್ರಸಂಗದ ಪರವಾನಗಿ ಪಡೆದವರು, ಮುಂದೆ ಪೆಂತೆಕೋಸ್ತ್ ಸಭೆಯ ಪಾಸ್ಟರ್ ಆಗಿದ್ದಾಗ ಗೇ ಎಂಬ ಕಾರಣಕ್ಕೆ ಪ್ರಸಂಗಪೀಠ ಕಳೆದುಕೊಂಡವರು. 1968ರ ಅಕ್ಟೋಬರ್ 6ರಂದು ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಪಾರ್ಕಿನ ತಮ್ಮ ಮನೆಯಲ್ಲೇ ಮೊದಲ ಆರಾಧನೆ ನಡೆಸಿದರು. ಗೇ ಸಮುದಾಯದ ‘ದಿ ಅಡ್ವೊಕೇಟ್’ ಪತ್ರಿಕೆಗೆ ಜಾಹೀರಾತನ್ನೂ ಕೊಟ್ಟಿದ್ದರು. ಬಂದವರು 12 ಜನ. ಅದರಲ್ಲಿ 9 ಜನ ಗೆಳೆಯರೇ, ಜಾಹೀರಾತು ನೋಡಿ ಬಂದವರು ಮೂರೇ ಜನ. ಬಿದ್ದ ಕಾಣಿಕೆ 3 ಡಾಲರ್ 18 ಸೆಂಟ್. 1971ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಸ್ವಂತ ಕಟ್ಟಡದ ಪ್ರತಿಷ್ಠೆಗೆ ಸೇರಿದವರು ಸಾವಿರಕ್ಕೂ ಮೇಲೆ. 1973ರ ಜನವರಿ 27ರಂದು ಆ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಸಭೆ ಮಾತ್ರ ಚದುರಲಿಲ್ಲ.

ಆರಾಧನೆಯ ಜೀವ ಇರುವುದು ಕರ್ತನ ಭೋಜನದಲ್ಲಿ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದರಲ್ಲಿ. ಎಂಸಿಸಿಯ ನಿಜವಾದ ಬಲವೂ ಅದೇ. ಈ ಸಭೆಗಾಗಲಿ ಬೇರೆ ಯಾವ ಸಭೆಗಾಗಲಿ ಸೇರಿದವರೇ ಆಗಬೇಕಿಲ್ಲ, ಮೇಜು ಎಲ್ಲರಿಗೂ ತೆರೆದಿದೆ ಎಂದು ಪಾಸ್ಟರ್ ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ, ಜೋಡಿಯಾಗಿ, ಮಕ್ಕಳನ್ನು ಕಟ್ಟಿಕೊಂಡು, ಹೇಗೆ ಬಂದರೂ ಸರಿ. ಬಡಿಸುವವರು ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುತ್ತಾರೆ. ಹೆಗಲ ಮೇಲೆ ಕೈಯಿಟ್ಟು, ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ ಪ್ರಾರ್ಥಿಸುತ್ತಾರೆ. ಇಬ್ಬರು ಗಂಡಸರು ಕೈಕೈ ಹಿಡಿದು ಬಂದರೆ ಆ ಇಬ್ಬರನ್ನೂ ಒಟ್ಟಿಗೇ ತಬ್ಬಿ ಪ್ರಾರ್ಥಿಸುತ್ತಾರೆ. 1980ರ ದಶಕದಲ್ಲಿ ಏಡ್ಸ್ ಬಂದವರನ್ನು ಮುಟ್ಟಲು ಹೆತ್ತವರೇ ಹೆದರುತ್ತಿದ್ದರು. ಅಂಥ ದಿನಗಳಲ್ಲಿ ಹೆಗಲ ಮೇಲೆ ಬಿದ್ದ ಆ ಒಂದು ಕೈ ಎಷ್ಟು ದೊಡ್ಡದಾಗಿದ್ದಿರಬೇಕು!

ಇದರಲ್ಲೂ ಎಡವಟ್ಟಾಗುವುದುಂಟು, ಅದಕ್ಕೆ ಕಾರಣ ಸಮಯ. ಒಂದು ಪ್ರಾರ್ಥನೆಗೆ ಅರ್ಧ ನಿಮಿಷ ಎಂದಿಟ್ಟುಕೊಳ್ಳಿ. ಬಂದವರು 60, ಬಡಿಸುವವರು ಒಬ್ಬರೇ ಆದರೆ ಅರ್ಧ ಗಂಟೆ ಬೇಕು. ಹಾಡು ಮುಗಿದುಹೋಗುತ್ತದೆ, ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ, ಕೊನೆಯವರಿಗೆ ಅವಸರದ ಪ್ರಾರ್ಥನೆಯೇ ಗತಿ. ಅಷ್ಟು ಜನಕ್ಕೆ ಮೂರು ಕಡೆ ಬಡಿಸಿದರೆ ಹತ್ತು ನಿಮಿಷ ಸಾಕು. ಪಾಸ್ಟರೇ ಎಲ್ಲರಿಗೂ ಕೊಡಬೇಕೆಂಬ ಹಟ ಬೇಡ, ಸಭೆಯ ಸದಸ್ಯರಿಗೆ ಕಲಿಸಿ ಕೊಡುವುದೇ ಲೇಸು.

ಪ್ರಸಂಗದ ಗುಣಮಟ್ಟ ಸಭೆಯಿಂದ ಸಭೆಗೆ ಬೇರೆ. ಯಾಜಕಕಾಂಡ 18:22 ಮತ್ತು 20:13, ರೋಮಾಪುರದವರಿಗೆ 1:26-27, 1 ಕೊರಿಂಥ 6:9, ಸೊದೋಮಿನ ಕಥೆ: ಸಲಿಂಗ ಸಂಬಂಧ ಪಾಪವೆನ್ನಲು ಎತ್ತಿ ತೋರಿಸುವ ಈ ಬೈಬಲ್ ವಚನಗಳನ್ನು ತಲೆಯ ಮೇಲೆ ಹೊಡೆಸಿಕೊಂಡೇ ಬೆಳೆದವರು ಇಲ್ಲಿಗೆ ಬರುತ್ತಾರೆ. ಹಾಗಾಗಿ ಇವನ್ನು ಬಿಡಿಸಿ ಹೇಳಲೇಬೇಕು. ಸೊದೋಮಿನ ದೋಷ ಗರ್ವ, ಹೊಟ್ಟೆ ತುಂಬಿದ ನಿಶ್ಚಿಂತೆ, ಬಡವರ ಕೈ ಹಿಡಿಯದಿದ್ದದ್ದು ಎಂದು ಯೆಹೆಜ್ಕೇಲ 16:49 ಹೇಳುವುದನ್ನು ಮೊದಲ ಸಲ ಕೇಳಿದವರಿಗೆ ಅದೊಂದು ಬಿಡುಗಡೆ. ಆದರೆ ವರ್ಷವಿಡೀ ಅದೇ ವಾದವಾದರೆ, ಹತ್ತು ವರ್ಷದಿಂದ ಬರುತ್ತಿರುವವರಿಗೆ ಉಣ್ಣಲು ಏನೂ ಉಳಿಯುವುದಿಲ್ಲ. ವಾದಕ್ಕೆ ಬೇರೊಂದು ದಿನ ತರಗತಿ ಇಟ್ಟು, ಭಾನುವಾರವನ್ನು ಸುವಾರ್ತೆಗೆ ಬಿಟ್ಟುಕೊಡುವ ಪಾಸ್ಟರುಗಳ ಸಭೆಗಳು ಗಟ್ಟಿಯಾಗಿವೆ. ಅಪೊಸ್ತಲರ ಕೃತ್ಯಗಳು 8ರಲ್ಲಿ ಬರುವ ಇಥಿಯೋಪ್ಯದ ಕಂಚುಕಿ, ಅಂದರೆ ಅರಮನೆಯ ನಪುಂಸಕ ಅಧಿಕಾರಿ, ತನ್ನ ದೀಕ್ಷಾಸ್ನಾನಕ್ಕೆ ಅಡ್ಡಿಯೇನು ಎಂದು ಕೇಳಿದ್ದೇ ಒಂದು ಪೂರ್ತಿ ಪ್ರಸಂಗಕ್ಕೆ ಸಾಕು.

ಮದುವೆಯ ವಿಷಯಕ್ಕೆ ಕೆನಡಾದ ಟೊರೊಂಟೊ ಎಂಸಿಸಿಯ ಪಾಸ್ಟರ್ ಆಗಿದ್ದ ಬ್ರೆಂಟ್ ಹಾಕ್ಸ್ ಮಾಡಿದ ಕೆಲಸ ನೋಡಬೇಕು. ಒಂಟಾರಿಯೊ ಪ್ರಾಂತ್ಯದಲ್ಲಿ ಮದುವೆಗೆ ಎರಡು ದಾರಿ: ಸರ್ಕಾರದ ಲೈಸೆನ್ಸ್, ಇಲ್ಲವೇ ಚರ್ಚಿನಲ್ಲಿ ಓದುವ ಮದುವೆ ಪ್ರಕಟಣೆ. ಒಂದೇ ಲಿಂಗದ ಜೋಡಿಗಳಿಗೆ ಆಗ ಲೈಸೆನ್ಸ್ ಸಿಗುವಂತಿರಲಿಲ್ಲ. ಹಾಕ್ಸ್ ಎರಡನೇ ದಾರಿ ಹಿಡಿದರು. ಇಬ್ಬರು ಗಂಡಸರ ಒಂದು ಜೋಡಿ, ಇಬ್ಬರು ಹೆಂಗಸರ ಇನ್ನೊಂದು ಜೋಡಿ. 2000ದ ಡಿಸೆಂಬರ್‌ನಲ್ಲಿ ಮೂರು ಭಾನುವಾರ ಅವರ ಹೆಸರು ಓದಿದರು, ಬಂದ ಆಕ್ಷೇಪಗಳು ಕಾನೂನಿನಲ್ಲಿ ನಿಲ್ಲುವಂಥವಲ್ಲ ಎಂದು ಬದಿಗಿಟ್ಟರು. 2001ರ ಜನವರಿ 14ರಂದು ಉಡುಪಿನ ಒಳಗೆ ಗುಂಡುನಿರೋಧಕ ಕವಚ ತೊಟ್ಟು ಮದುವೆ ಮಾಡಿಸಿದರು. ಪ್ರಾಂತ್ಯದ ಕಚೇರಿ ನೋಂದಣಿ ಮಾಡಲು ಒಪ್ಪಲಿಲ್ಲ. ಪ್ರಕರಣ ಕೋರ್ಟ್ ಹತ್ತಿತು. 2003ರ ಜೂನ್ 10ರಂದು ಮೇಲ್ಮನವಿ ನ್ಯಾಯಾಲಯ ಆ ಎರಡೂ ಮದುವೆಗಳನ್ನು ನೋಂದಾಯಿಸಲು ಆದೇಶಿಸಿತು. ಕಾಗದಪತ್ರ ಚೊಕ್ಕವಾಗಿದ್ದದ್ದೇ ಅಲ್ಲಿ ಕೈ ಹಿಡಿದದ್ದು. ಪ್ರಕಟಣೆಯ ದಾರಿಗೆ ಒಂದು ಮಿತಿಯಿದೆ: ಜೋಡಿಯಲ್ಲಿ ಒಬ್ಬರಿಗೆ ವಿಚ್ಛೇದನವಾಗಿದ್ದರೂ ಅದು ನಡೆಯದು, ಲೈಸೆನ್ಸೇ ಬೇಕು.

ಸಾವಿನ ಸೇವೆಯಲ್ಲಿ ಈ ಪಾಸ್ಟರುಗಳಷ್ಟು ಪಳಗಿದವರು ಕಡಿಮೆ. 1973ರ ಜೂನ್ 24ರಂದು ನ್ಯೂ ಆರ್ಲಿಯನ್ಸ್‌ನ ಅಪ್‌ಸ್ಟೇರ್ಸ್ ಲೌಂಜ್ ಎಂಬ ಬಾರಿಗೆ ಬೆಂಕಿ ಬಿದ್ದು 32 ಜನ ಸತ್ತರು. ಅಲ್ಲಿನ ಎಂಸಿಸಿ ಪಾಸ್ಟರ್ ಬಿಲ್ ಲಾರ್ಸನ್ ಕಿಟಕಿಯ ಸರಳುಗಳ ನಡುವೆ ಸಿಕ್ಕಿಕೊಂಡು ಪ್ರಾಣಬಿಟ್ಟರು. ಸ್ಮರಣೆ ಆರಾಧನೆಗೆ ಜಾಗ ಕೊಡಲು ಊರಿನ ಚರ್ಚುಗಳು ಹಿಂದೇಟು ಹಾಕಿದವು. ಕೊನೆಗೆ ಬಾಗಿಲು ತೆರೆದದ್ದು ಸೇಂಟ್ ಮಾರ್ಕ್ಸ್ ಮೆಥಡಿಸ್ಟ್ ಚರ್ಚ್. ಜುಲೈ 1ರಂದು ಆರಾಧನೆ ನಡೆಯುತ್ತಿದ್ದಾಗ ಹೊರಗೆ ಕ್ಯಾಮೆರಾಗಳು ಕಾದಿದ್ದವು. ಟಿವಿಯಲ್ಲಿ ಮುಖ ಕಂಡರೆ ನೌಕರಿ ಹೋಗುವ ಕಾಲ. ಮುಖ ತೋರಿಸಲಾಗದವರು ಇನ್ನೊಂದು ಬಾಗಿಲಿನಿಂದ ಹೋಗಬಹುದು ಎಂದು ಪೆರಿ ಪ್ರಕಟಿಸಿದರು. ಆ ಬಾಗಿಲಿನಿಂದ ಯಾರೂ ಹೋಗಲಿಲ್ಲ. ಬಂದವರನ್ನು ಮುಜುಗರಕ್ಕೆ ಒಡ್ಡದೆ ಕಾಯುವುದೂ ಪಾಲನೆಯೇ, ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕೊರತೆಗಳೂ ಇವೆ. ಪೆಂತೆಕೋಸ್ತ್ ಚಪ್ಪಾಳೆ, ಕಥೊಲಿಕ್ ನಿಲುವಂಗಿ, ಬ್ಯಾಪ್ಟಿಸ್ಟ್ ಹಾಡು ಒಂದೇ ಆರಾಧನೆಯಲ್ಲಿ ಕಲೆತಿರುವುದರಿಂದ ಎಲ್ಲ ಕಡೆಯಿಂದ ಬಂದವರಿಗೂ ಅರ್ಧ ತವರು, ಅರ್ಧ ಪರವೂರು. ಚಿಕ್ಕ ಸಭೆಗಳಿಗೆ ಪಾಸ್ಟರ್‌ಗೆ ಪೂರ್ತಿ ಸಂಬಳ ಕೊಡುವ ಶಕ್ತಿಯಿಲ್ಲ. ಹಗಲು ಬೇರೆ ನೌಕರಿ, ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಹೊರದಬ್ಬಿಸಿಕೊಂಡವರ ಫೋನು. ಒಬ್ಬರೇ ಹೊತ್ತರೆ ಬೇಗ ಸುಸ್ತಾಗಿ ಬಿಟ್ಟುಹೋಗುತ್ತಾರೆ. ಈಗ ಬೇರೆ ಮನೆಗಳೂ ತೆರೆದಿವೆ. ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ 1972ರಲ್ಲೇ ಬಹಿರಂಗವಾಗಿ ಗೇ ಆಗಿದ್ದ ವಿಲಿಯಂ ಜಾನ್ಸನ್ ಅವರಿಗೆ ಪಾಸ್ಟರ್ ದೀಕ್ಷೆ ಕೊಟ್ಟಿತು. 2003ರಲ್ಲಿ ಎಪಿಸ್ಕೋಪಲ್ ಚರ್ಚಿನ ಜೀನ್ ರಾಬಿನ್ಸನ್ ಬಿಷಪ್ ಆದರು. ಯುನೈಟೆಡ್ ಮೆಥಡಿಸ್ಟರು 2024ರಲ್ಲಿ ಗೇ ಪಾಸ್ಟರುಗಳ ಮೇಲಿದ್ದ ನಿಷೇಧ ತೆಗೆದರು. ತಮ್ಮ ಹಳೆಯ ಪದ್ಧತಿಯ ಆರಾಧನೆಯೇ ಬೇಕೆನ್ನುವವರು ಅತ್ತ ಹೋಗುವುದು ಸಹಜ.

ಅತ್ತ ಹೋಗುವವರು ‘ಎಲ್ಲರಿಗೂ ಸ್ವಾಗತ’ ಎಂಬ ಬೋರ್ಡನ್ನಷ್ಟೇ ನಂಬಬೇಡಿ. ಪಾಸ್ಟರ್ ಹತ್ತಿರ ನೇರವಾಗಿ ಮೂರು ಮಾತು ಕೇಳಿ: ನಮ್ಮ ಮದುವೆ ಇಲ್ಲೇ ಮಾಡಿಸುತ್ತೀರಾ? ನಾವು ಹಿರಿಯರಾಗಿ ಆಯ್ಕೆಯಾಗಬಹುದೇ? ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸಬಹುದೇ? ‘ಪ್ರಾರ್ಥಿಸಿ ಹೇಳುತ್ತೇವೆ’ ಎಂದರೆ ಉತ್ತರ ಇಲ್ಲ ಎಂದೇ ತಿಳಿಯಿರಿ. ಎಂಸಿಸಿಯಲ್ಲಿ ಇವನ್ನು ಕೇಳುವ ಪ್ರಮೇಯವೇ ಬರುವುದಿಲ್ಲ.

ಮೊದಲ ಸಲ ಹೋಗುವವರು ಹಿಂದಿನ ಸಾಲಿನಲ್ಲಿ ಕೂರಬಹುದು, ಮೇಜಿನ ಬಳಿ ಹೋಗದೆಯೂ ಇರಬಹುದು. ರೊಟ್ಟಿ ಬೇಡ, ಪ್ರಾರ್ಥನೆ ಮಾತ್ರ ಸಾಕು ಅನ್ನಿಸಿದರೆ ಸಾಲಿನಲ್ಲಿ ಬಂದು ಎರಡೂ ಕೈಯನ್ನು ಎದೆಯ ಮೇಲೆ ಅಡ್ಡವಾಗಿಟ್ಟುಕೊಳ್ಳಿ, ಬಡಿಸುವವರಿಗೆ ತಿಳಿಯುತ್ತದೆ.